ಕ್ರೂರಮೃಗಗಳೊಡನೆ ಮೈತ್ರಿ

ಪ್ರಾಣಿದಯೆಯು ಪರಮಧರ್ಮವೆಂಬ ವಿಷಯದಲ್ಲಿ ವಿವಾದವಿಲ್ಲ. ಆದರೆ ದಯೆ ಬೇರೆ, ಸಲಿಗೆ ಬೇರೆ ಎಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಈ ಮರೆವು ಎಲ್ಲಿಗೆ ಕೊಂಡೊಯ್ಯುವುದೆಂಬುದನ್ನು ವಿಚಾರಿಸುವುದಕ್ಕಾಗಿ ಅಮೆರಿಕಾ ದೇಶದ ಒಂದು ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ತಿಮೊಥಿ ಟ್ರೆಡ್‌ವೆಲ್ ಎಂಬಾತನು ಅಲಾಸ್ಕಾ ಪ್ರಾಂತದ ಕಟ್ಮಾಯ್ ಎಂಬ ರಕ್ಷಿತವನದಲ್ಲಿ ದೊಡ್ಡ ಕಂದು ಕರಡಿಗಳ ನಡುವೆ 13 ಬೇಸಗೆಗಳನ್ನು ಕಳೆದನು. ಅವುಗಳಿಗೆ ಹೆಸರಿಟ್ಟನು, ಒಂದಕ್ಕೆ ‘ಮಿಸ್ಟರ್ ಚಾಕೊಲೇಟ್’ ಎಂಬ ನಾಮಧೇಯ! ಅವುಗಳೆದುರು ಹಾಡಿದನು, ಕೈಗೆಟುಕಿದವನ್ನು ಮುಟ್ಟಿದನು, ನಿನ್ನಲ್ಲಿ ನನಗೆ ಪ್ರೀತಿಯೆಂದು ಮತ್ತೆ ಮತ್ತೆ ಹೇಳಿದನು. ವನಾಧಿಕಾರಿಗಳು ಎಚ್ಚರಿಸಿದರೂ ಕಿವಿಗೊಡಲಿಲ್ಲ. ಕರಡಿಯನ್ನು ಹಿಮ್ಮೆಟ್ಟಿಸಲು ಎರಚುವ ಮೆಣಸಿನ ಖಾರವನ್ನು ಸಹ ಕಡೆಯ ವರ್ಷಗಳಲ್ಲಿ ಸಂಗಡ ಇಟ್ಟುಕೊಳ್ಳದೆ ಹೋದನು. 2003ನೆಯ ಇಸವಿಯಲ್ಲಿ ಅವನು ಎಂದಿಗಿಂತ ಹೆಚ್ಚು ದಿವಸ ಅಲ್ಲಿ ನಿಂತನು. ಚಳಿಗಾಲದ ನಿದ್ರೆಗೆ ಮುಂಚೆ ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಳ್ಳುವ ಸಲುವಾಗಿ ಕರಡಿಗಳು ಆಹಾರವನ್ನೇ ಅರಸುತ್ತಿರುವ ಕಾಲವದು. ಅಕ್ಟೋಬರ್ ತಿಂಗಳ ಮೊದಲಲ್ಲಿ ಅವನೂ ಅವನ ಜೊತೆಯಲ್ಲಿದ್ದ ಸ್ತ್ರೀಯೂ ಕರಡಿಯ ಬಾಯಿಗೆ ತುತ್ತಾದರು.

ಆತನನ್ನು ಮೂಢನೆಂದು ಹೇಳಿ ಮುಗಿಸುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಕರಡಿಗಳ ನಡೆನುಡಿಗಳನ್ನು ಅವನಷ್ಟು ಹತ್ತಿರದಿಂದ ನೋಡಿದವರು ವಿರಳ. ಅವನನ್ನು ಕೆಡಿಸಿದುದು ಅಜ್ಞಾನವಲ್ಲ. ಆ 13 ವರ್ಷಗಳ ಕ್ಷೇಮವೇ. ಅಲ್ಲಿನ ಹೊಳೆಗಳಲ್ಲಿ ಸಾಲ್ಮನ್ ಮೀನು ತುಂಬಿ ಬರುವಾಗ, ಒಂಟಿಯಾಗಿ ಬಾಳುವ ಕರಡಿಗಳು ಕೂಡ ಒಂದನ್ನೊಂದು ಸಹಿಸಿಕೊಂಡು ಒಂದೇ ನೀರಿನಲ್ಲಿ ಮೇಯುತ್ತವೆ, ಮನುಷ್ಯನನ್ನೂ ಸಹಿಸುತ್ತವೆ. ಹೊಟ್ಟೆ ತುಂಬಿದ ಮೃಗದ ಈ ಉದಾಸೀನವನ್ನು ಅವನು ಸ್ನೇಹವೆಂದು ಎಣಿಸಿದನು. ಒಂದೊಂದು ವರ್ಷ ಸುಖವಾಗಿ ಕಳೆದಂತೆಲ್ಲ ಆ ಎಣಿಕೆಗೆ ಒಂದೊಂದು ಸಾಕ್ಷಿ ದೊರೆತಂತಾಯಿತು. ವೇದಾಂತಪಾಠದಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವವನ ದೃಷ್ಟಾಂತವನ್ನು ನಾವು ಸಾವಿರ ಸಲ ಒಪ್ಪಿಸಿದ್ದೇವೆ. ಹಾವನ್ನೇ ಹೂಮಾಲೆಯೆಂದು ಕೊರಳಿಗೆ ಹಾಕಿಕೊಳ್ಳುವವನ ಮಾತನ್ನು ಗುರುಗಳು ಹೇಳಿದ ನೆನಪಿಲ್ಲ. ಮೊದಲಿನವನಿಗೆ ಭ್ರಮೆ ತಿಳಿದರೆ ನಗು ಬರುತ್ತದೆ. ಎರಡನೆಯವನಿಗೆ ನಗಲು ಅವಕಾಶವೆಲ್ಲಿ?

ನಮ್ಮ ಮಾವುತನನ್ನು ನೋಡಿರಿ. ಆನೆಯನ್ನು ದಿನವೂ ಮೀಯಿಸಿ, ಉಣಿಸಿ, ಅದರೊಡನೆ ಮಾತನಾಡುತ್ತ ಬಾಳುತ್ತಾನೆ. ಆದರೂ ಅದರ ಕಪೋಲದಿಂದ ಮದಜಲವಿಳಿಯಲಾರಂಭಿಸಿತೆಂದರೆ ಸರಪಣಿಯಿಂದ ಬಿಗಿದು ದೂರ ನಿಲ್ಲುತ್ತಾನೆ. ಆಗ ಅವನ ಪ್ರೀತಿಯು ಕುಂದಿತೆನ್ನಬಹುದೇ? ಆನೆಯು ಆನೆಯೇ ಎಂಬುದನ್ನು ಮರೆಯದ ಪ್ರೀತಿಯದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಅಹಿಂಸೆಯಲ್ಲಿ ನೆಲೆನಿಂತವನ ಸನ್ನಿಧಿಯಲ್ಲಿ ವೈರವು ತೊಲಗುವುದೆಂದು ಪತಂಜಲಿಯು ಹೇಳಿರುವನಲ್ಲವೇ? ಋಷ್ಯಾಶ್ರಮಗಳಲ್ಲಿ ಹುಲಿಯೂ ಹುಲ್ಲೆಯೂ ಒಟ್ಟಿಗೆ ಇದ್ದುವೆಂದು ನಮ್ಮ ಕವಿಗಳು ವರ್ಣಿಸಿಲ್ಲವೇ? ಈ ಮಾತನ್ನು ನಾನು ಬಹುಕಾಲ ಯೋಚಿಸಿದ್ದೇನೆ. ಪತಂಜಲಿಯು ಹೇಳಿದುದು ಸಿದ್ಧಿಯ ಫಲವನ್ನು; ನನಗೆ ಸಿದ್ಧಿಯಾಗಿದೆಯೇ ಎಂದು ಕರಡಿಯ ಪೊದೆಯಲ್ಲಿ ಪರೀಕ್ಷಿಸಿ ನೋಡೆಂದು ಆತನೆಲ್ಲಿಯೂ ವಿಧಿಸಿಲ್ಲ. ಅದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ತೊಲಗಬೇಕಾದುದು ವೈರ. ಹಸಿದ ಕರಡಿಗೆ ಟ್ರೆಡ್‌ವೆಲ್ಲನ ಮೇಲೆ ವೈರವೆಲ್ಲಿತ್ತು? ಅದು ಅವನನ್ನು ದ್ವೇಷಿಸಲಿಲ್ಲ, ಪ್ರೀತಿಸಲೂ ಇಲ್ಲ. ಮೀನನ್ನು ತಿಂದಂತೆ ತಿಂದಿತು. ವೈರವೇ ಇಲ್ಲದ ಕಡೆ ನಮ್ಮ ಪ್ರೇಮವು ಯಾವುದನ್ನು ತಾನೆ ಕರಗಿಸೀತು?

ಪ್ರಿಯಜೀವಿಗಳ ನಡುವೆ ಮಡಿದರೆ ಮಡಿಯಲಿ, ಅದು ಅವನ ಪ್ರಾಣವಲ್ಲವೇ ಎನ್ನುವವರೂ ಇದ್ದಾರೆ. ಅವನೊಬ್ಬನದೇ ಪ್ರಾಣವಾಗಿದ್ದರೆ ಒಪ್ಪಬಹುದಾಗಿತ್ತು. ಆದರೆ ಅವನನ್ನು ನಂಬಿ ಬಂದ ಸ್ತ್ರೀಯೂ ಸತ್ತಳು. ಮೃತರನ್ನು ಅರಸಿಕೊಂಡು ಹೋದ ಅಧಿಕಾರಿಗಳು ಅದೇ ಸ್ಥಳದಲ್ಲಿ ಎರಡು ಕರಡಿಗಳನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು. ಅವುಗಳಲ್ಲಿ ಒಂದು ಮುದಿಯದು. ಇನ್ನೊಂದು ಇನ್ನೂ ಎಳೆಯದು.