ಜಾಗ್ರತೆಯ ಕೂಲಿ

ಜಾಗ್ರತೆ ಎಂಬುದು ಮನುಷ್ಯನ ಗುಣವೋ, ಅವನಿಗಿರುವ ಅನುಕೂಲವೋ? ಮಿಕ್ಸಿಯ ಬ್ಲೇಡಿಗೆ ಸಿಕ್ಕಿಕೊಂಡ ಕೊಬ್ಬರಿ ತುಂಡು ಬಿಡಿಸುವ ಮೊದಲು ನಾವೆಲ್ಲ ಸ್ವಿಚ್ ಆರಿಸಿ, ಜಾರು ಕಳಚಿಕೊಳ್ಳುತ್ತೇವೆ. ಚಟ್ನಿ ತಡವಾದರೆ ಮನೆಯವರು ಗೊಣಗಬಹುದು, ಅಷ್ಟೆ. ಅದಕ್ಕಾಗಿ ಯಾರೂ ನಮ್ಮ ಊಟ ಕಡಿತ ಮಾಡುವುದಿಲ್ಲ.

ನಮ್ಮ ಬೀದಿಯ ಕಾಂಕ್ರೀಟ್ ರಸ್ತೆಯನ್ನು ನೀರಿನ ಕೊಳವೆಗಾಗಿ ಕತ್ತರಿಸಿದಾಗ ಈ ಪ್ರಶ್ನೆ ನನ್ನ ತಲೆ ಹೊಕ್ಕಿತು. ತಳ್ಳುಗಾಡಿಯಂಥ ಪೆಟ್ರೋಲ್ ಯಂತ್ರ, ಅದರ ಮಗ್ಗುಲಲ್ಲಿ 14 ಅಂಗುಲದ ಚಕ್ರದಂಥ ಬ್ಲೇಡು. ನಮ್ಮ ಈಳಿಗೆಮಣೆಯ ಹಾಗೆ ಹರಿತವಾದ ಬಾಯಿ ಅದಕ್ಕಿಲ್ಲ. ಉಕ್ಕಿನ ತಟ್ಟೆಯ ಅಂಚಿಗೆ ಲೋಹದ ತುಣುಕುಗಳು, ಅವುಗಳೊಳಗೆ ಕಾರ್ಖಾನೆಯಲ್ಲಿ ತಯಾರಾದ ವಜ್ರದ ಹರಳುಪುಡಿ. ನಮ್ಮ ಮೂಗುತಿಗೆ ದಕ್ಕದ ವಜ್ರ ನಮ್ಮ ಬಾಗಿಲ ಮುಂದೆಯೇ ಸವೆಯುತ್ತಿತ್ತು!

ಸವೆದ ಬ್ಲೇಡನ್ನು ಬದಲಿಸಲು ಮೇಸ್ತ್ರಿ ಎಂಜಿನ್ ನಿಲ್ಲಿಸಿದ. ಚಕ್ರ ಪೂರ್ತಿ ನಿಂತ ಮೇಲೂ ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತು ಪಕ್ಕಕ್ಕೆ ಸರಿಸಿದ. "ಎಂಜಿನ್ ನಿಂತೈತಲ್ಲ, ಅದ್ಯಾಕೆ?" ಎಂದ ಜೊತೆಗಿದ್ದ ಹುಡುಗ. "ನಿಂತೈತೆ, ಸತ್ತಿಲ್ಲ" ಎಂದ ಮೇಸ್ತ್ರಿ. ಬ್ಲೇಡಿಗೂ ಎಂಜಿನ್ನಿಗೂ ಬೆಲ್ಟಿನ ನಂಟು. ಸ್ಪ್ಯಾನರ್ ಹಾಕಿ ಬ್ಲೇಡು ತಿರುಗಿಸಿದರೆ ಎಂಜಿನ್ನೂ ತಿರುಗಬಹುದು, ಬಿಸಿಯಾಗಿದ್ದರೆ ಹೊತ್ತಿಕೊಳ್ಳಲೂಬಹುದು. ಬ್ಲೇಡು ಆರುವ ತನಕ ಕಾದು ನಟ್ಟು ಬಿಚ್ಚಿದ. ಬ್ಲೇಡನ್ನು ಅಪ್ಪಿ ಹಿಡಿಯುವ ಎರಡು ಬಿಲ್ಲೆಗಳನ್ನು ಬಟ್ಟೆಯಿಂದ ಒರೆಸಿದ. ಕಲ್ಲುಪುಡಿ ಕೂತಿದ್ದರೆ ಬ್ಲೇಡು ವಾಲಾಡುತ್ತದೆಯಂತೆ. ಹೊಸ ಬ್ಲೇಡಿನಲ್ಲಿ ಬಿರುಕಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿ, ಅದರ ಮೇಲೆ ಬರೆದ ವೇಗದ ಮಿತಿ ಯಂತ್ರದ ವೇಗಕ್ಕಿಂತ ಕಡಿಮೆಯಿಲ್ಲವೆಂದು ಓದಿಕೊಂಡು, ಬಾಣದ ಗುರುತು ತಿರುಗುವ ದಿಕ್ಕಿಗೇ ಬರುವಂತೆ ಕೂರಿಸಿ, ನಟ್ಟು ಬಿಗಿದು, ಮುಚ್ಚಳ ಹಾಕಿದ. ಆಮೇಲೆ ಚಕ್ರದ ನೇರಕ್ಕೆ ನಿಂತಿದ್ದವರನ್ನೆಲ್ಲ ಸರಿಸಿ, ಒಂದು ನಿಮಿಷ ಬರಿದೇ ಓಡಿಸಿ ನೋಡಿದ.

ಕಾಲು ಗಂಟೆ ಹೋಯಿತು. ಅವರ ಕೂಲಿ ಮೀಟರಿನ ಲೆಕ್ಕ. ಬೈಕಿನ ಮೇಲೆ ಬಂದ ಗುತ್ತಿಗೆದಾರ ಗಡಿಯಾರ ನೋಡಿದ. ಎದುರುಮನೆಯಾಕೆ "ನಲ್ಲಿಗೆ ನೀರು ಯಾವತ್ತು?" ಎಂದು ಮೂರನೇ ಸಲ ಕೇಳಿದರು. ಅವಸರ ಗುತ್ತಿಗೆದಾರನದು, ನೀರು ನಮ್ಮದು, ಕೂಲಿ ಕಡಿಮೆಯಾದದ್ದು ಮಾತ್ರ ಮೇಸ್ತ್ರಿಯದು.

"ಅವನ ಕೈಯನ್ನು ಅವನೇ ಕಾಯ್ದುಕೊಳ್ಳಬೇಕಪ್ಪ" ಎನ್ನುವವರಿದ್ದಾರೆ. ತಪ್ಪು ಮಾತೇನಲ್ಲ, ಶಾಲೆಯಲ್ಲಿ ಮಕ್ಕಳಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಪ್ರತಿ ಎಚ್ಚರಕ್ಕೂ ದಂಡ ತೆರಬೇಕಾದವನಿಗೆ ಎಚ್ಚರದ ಪಾಠ ಹೇಳುವಾಗ ನಾಲಿಗೆ ಸ್ವಲ್ಪ ತೊದಲಬೇಡವೇ? 1948ರ ಕಾರ್ಖಾನೆ ಕಾಯ್ದೆ, ಯಂತ್ರದ ಅಪಾಯದ ಭಾಗಗಳಿಗೆ ಆವರಣ ಹಾಕುವ ಹೊಣೆಯನ್ನು ಕೆಲಸಗಾರನ ಮೇಲೆ ಬಿಡದೆ ಕಾರ್ಖಾನೆಯ ಮೇಲೆ ಹೊರಿಸಿತ್ತು. ಬೀದಿಗೆ ಯಾವ ಮಾಲೀಕ? ಇನ್ನು ದೂಳಿನ ಮಾತು ಬೇರೆ. ಕಾಂಕ್ರೀಟಿನ ಮರಳಿನಲ್ಲಿರುವ ಸಿಲಿಕಾ ಪುಡಿ ಶ್ವಾಸಕೋಶ ಹೊಕ್ಕು ಸಿಲಿಕೋಸಿಸ್ ಆದರೆ ಗುಣವಾಗುವುದಿಲ್ಲ. ಬ್ಲೇಡಿಗೆ ನೀರು ಹರಿಸುತ್ತಾ ಕತ್ತರಿಸಿದರೆ ದೂಳು ಬಹುಮಟ್ಟಿಗೆ ಅಡಗುತ್ತದೆ. ಆ ನೀರು ತುಂಬಿಕೊಳ್ಳಲೂ ಹೊತ್ತು ಬೇಕಲ್ಲ! ಆಯುಧಪೂಜೆಯ ದಿನ ಇದೇ ಯಂತ್ರವನ್ನು ತೊಳೆದು, ಕುಂಕುಮವಿಟ್ಟು, ಇಡೀ ದಿನ ನಿಲ್ಲಿಸುತ್ತೇವೆ. ಆವತ್ತು ಯಾರೂ ಗಡಿಯಾರ ನೋಡುವುದಿಲ್ಲ.

ಈಚೆಗೆ ನಮ್ಮ ಹಿತ್ತಲಿನ ಕಾಂಕ್ರೀಟ್ ನೆಲವನ್ನೂ ಬಚ್ಚಲ ಕೊಳವೆಗಾಗಿ ಕತ್ತರಿಸಬೇಕಾಯಿತು. ಅಡಿ ಲೆಕ್ಕ ಬೇಡ, ದಿನಗೂಲಿ ಕೊಡುತ್ತೇನೆ, ಬ್ಲೇಡು ಬದಲಿಸುವ ಹೊತ್ತೂ ಅದರಲ್ಲೇ ಸೇರಲಿ ಎಂದೆ. "ಸಂಜೆ ತನಕ ಎಳೀತಾರೆ ನೋಡು" ಎಂದರು ನಮ್ಮವರು. ಎಳೆದರು ಕೂಡ. ಅದರಲ್ಲಿ ಎಚ್ಚರವೆಷ್ಟು, ಸೋಮಾರಿತನವೆಷ್ಟು ಎಂದು ಅಳೆಯುವ ಸೇರು ನನ್ನಲ್ಲಿರಲಿಲ್ಲ. ಮೂರೂವರೆಗೆ ಎಂಜಿನ್ ನಿಂತಿತು. ಪ್ಲಗ್ಗಿನ ವೈರು ಕಿತ್ತದ್ದನ್ನು ಅಡಿಗೆಮನೆಯ ಕಿಟಕಿಯಿಂದ ನೋಡಿ, ಎಲ್ಲರಿಗೂ ಚಹಾಕ್ಕಿಟ್ಟೆ.