ನಮ್ ಕಡೆಯಿಂದ ಎಲ್ಲಾ ಸರಿ ಇದೆ

ಆಫೀಸಿನಲ್ಲಿ ವೈಫೈ ಕೈಕೊಟ್ಟು ಐಟಿ ಸಪೋರ್ಟ್‌ಗೆ ಟಿಕೆಟ್ ಹಾಕಿದವರಿಗೆಲ್ಲ ಈ ಉತ್ತರ ಬಾಯಿಪಾಠ: "ನಮ್ ಕಡೆಯಿಂದ ಎಲ್ಲಾ ಸರಿ ಇದೆ, ಲ್ಯಾಪ್‌ಟಾಪ್ ಒಂದ್ಸಲ ರೀಸ್ಟಾರ್ಟ್ ಮಾಡಿ." ಓದಿದ ತಕ್ಷಣ ಮೈ ಉರಿಯುತ್ತೆ. ಆದ್ರೆ ಹೇಳಿದವರು ಸುಳ್ಳು ಹೇಳ್ತಿಲ್ಲ. ಅವರ ಡ್ಯಾಶ್‌ಬೋರ್ಡ್ ನಿಜಕ್ಕೂ ಹಸಿರಾಗೇ ಇರುತ್ತೆ. ಕಾಲ್ ಮಧ್ಯೆ ನಿಮ್ಮ ದನಿ ರೋಬೋಟ್ ಥರ ಆಗಿದ್ದೂ ನಿಜ, ಆ ಹಸಿರೂ ನಿಜ. ಯಾರ ಮಾತನ್ನು ನಂಬೋದು?

ಆ ಹಸಿರು ಎಲ್ಲಿಂದ ಬರುತ್ತೆ ನೋಡಿ. ಸೀಲಿಂಗಿಗೆ ಬಿಳಿ ತಟ್ಟೆಯ ಹಾಗೆ ಅಂಟಿಕೊಂಡಿರೋ ಆಕ್ಸೆಸ್ ಪಾಯಿಂಟ್ ತನ್ನ ಬಗ್ಗೆ ತಾನೇ ಕೊಡೋ ವರದಿ ಅದು. ನಾನು ಆನ್ ಇದ್ದೀನಿ, ಇಷ್ಟು ಜನ ಸೇರಿದ್ದಾರೆ, ಇಷ್ಟು ಡೇಟಾ ಹೋಯ್ತು. ಸೇರೋಕೆ ಒದ್ದಾಡಿ, ಬೇಸತ್ತು ಮೊಬೈಲ್ ಡೇಟಾಗೆ ಹೋದವರು ಆ ಲೆಕ್ಕದಲ್ಲಿ ಸಿಗೋದು ಕಷ್ಟ. ನಿಮ್ಮ ಫೋನಿನಲ್ಲಿ ಕಾಣೋ ಫುಲ್ ಸಿಗ್ನಲ್ ಕೂಡ ಅರ್ಧ ಸತ್ಯವೇ: ಆಕ್ಸೆಸ್ ಪಾಯಿಂಟ್ ಮಾತು ಫೋನಿಗೆ ಕೇಳ್ತಿದೆ ಅಂತಷ್ಟೇ ಅದರರ್ಥ. ಫೋನಿನ ಮಾತು ಅದಕ್ಕೆ ಕೇಳ್ತಿದೆಯಾ? ಫೋನಿನ ರೇಡಿಯೋಗೆ ಸಾಮಾನ್ಯವಾಗಿ ಅಷ್ಟು ಶಕ್ತಿ ಇರಲ್ಲ. ಜಾತ್ರೆಯಲ್ಲಿ ಮೈಕ್ ಹಿಡಿದವನ ಮಾತು ಊರಿಗೆಲ್ಲ ಕೇಳುತ್ತೆ, ಹಿಂದಿನ ಸಾಲಿನಿಂದ ಕೂಗಿದವರ ಮಾತು ಅವನಿಗೆ ಮುಟ್ಟಲ್ಲ. ಕಾರ್ಯಕ್ರಮ ಹೇಗಾಯ್ತು ಅಂತ ಅವನನ್ನೇ ಕೇಳಿದ್ರೆ ಏನ್ ಹೇಳ್ತಾನೆ?

ಅದಕ್ಕೇ ಪ್ರತ್ಯೇಕ ಸೆನ್ಸರ್ ಇಡೋ ಪದ್ಧತಿ ಬಂತು. ಪುಟ್ಟ ಪೆಟ್ಟಿಗೆ, ಯಾರಿಗೂ ವೈಫೈ ಹಂಚಲ್ಲ. ನಮ್ಮ ಹಾಗೇ ಗಿರಾಕಿಯಾಗಿ ನೆಟ್‌ವರ್ಕಿಗೆ ಸೇರುತ್ತೆ, ಪಾಸ್‌ವರ್ಡ್ ಕೊಡುತ್ತೆ, ಐಪಿ ವಿಳಾಸ ಕೇಳುತ್ತೆ, ಡಿಎನ್‌ಎಸ್‌ ಹತ್ರ ಹೆಸರು ಹುಡುಕಿಸುತ್ತೆ, ಒಂದು ವೆಬ್ ಪುಟ ತೆರೆದು ನೋಡುತ್ತೆ. ಯಾವ ಹೆಜ್ಜೆಗೆ ಎಷ್ಟು ಮಿಲಿಸೆಕೆಂಡ್ ಹಿಡೀತು ಅಂತ ಬರೆದಿಟ್ಟು ಮತ್ತೆ ಮೊದಲಿಂದ ಶುರು. ರಾತ್ರಿ ಮೂರು ಗಂಟೆಗೂ. ದಕ್ಷಿಣ ಆಫ್ರಿಕಾದ ಕೇಪ್ ನೆಟ್‌ವರ್ಕ್ಸ್ ಇಂಥ ಸೆನ್ಸರ್ ಮಾಡ್ತಿತ್ತು, 2018ರಲ್ಲಿ ಎಚ್‌ಪಿಇ ಅದನ್ನು ಕೊಂಡು ತನ್ನ ಅರುಬಾ ವಿಭಾಗಕ್ಕೆ ಸೇರಿಸಿಕೊಂಡಿತು. ಆಕ್ಸೆಸ್ ಪಾಯಿಂಟೇ ಈ ಕೆಲಸ ಮಾಡಬಾರದಾ ಅಂದ್ರೆ, ಒಂದು ರೇಡಿಯೋ ತನ್ನ ಚಾನೆಲ್ ಬಿಟ್ಟು ಇನ್ನೊಂದಕ್ಕೆ ಕಿವಿಗೊಡೋಕೆ ಹೋದಷ್ಟು ಹೊತ್ತು ತನ್ನವರಿಗೆ ಸೇವೆ ಕೊಡೋಕಾಗಲ್ಲ. ಬಡಿಸುವವನೇ ಪಂಕ್ತಿಯಲ್ಲಿ ಕೂತ ಹಾಗೆ.

ಇದು ಹಳೇ ಜಗಳ. ಜ್ಞಾನ ತನಗೆ ತಾನೇ ಪ್ರಮಾಣ, ತಪ್ಪು ಅಂತ ಗೊತ್ತಾಗೋವರೆಗೂ ನಂಬಬಹುದು ಅಂದ್ರು ಮೀಮಾಂಸಕರು. ಇಲ್ಲ, ಅದು ನಿಜ ಅಂತ ತಿಳಿಯೋಕೆ ಹೊರಗಿನ ಪರೀಕ್ಷೆ ಬೇಕು ಅಂದ್ರು ನೈಯಾಯಿಕರು. ಸ್ವತಃ ಪ್ರಾಮಾಣ್ಯ, ಪರತಃ ಪ್ರಾಮಾಣ್ಯ ಅಂತ ಇದಕ್ಕೆ ಹೆಸರು. ನೈಯಾಯಿಕರಿಗೆ ಎದುರಾದ ಪ್ರಶ್ನೆ ನೀವು ಈಗಾಗಲೇ ಯೋಚಿಸಿರ್ತೀರಿ: ಹಾಗಾದ್ರೆ ಆ ಪರೀಕ್ಷೆಯನ್ನು ಪರೀಕ್ಷೆ ಮಾಡೋರ್ಯಾರು? ಸೆನ್ಸರ್ ಮೇಲೊಂದು ಸೆನ್ಸರಾ? ಅವರ ಉತ್ತರ ಎಂಜಿನಿಯರುಗಳಿಗೆ ಇಷ್ಟವಾಗೋ ಅಂಥದ್ದು. ದೂರದಲ್ಲಿ ನೀರು ಕಂಡಿತಾ? ಹೋಗಿ ಕುಡಿ. ಬಾಯಾರಿಕೆ ತೀರಿದ್ರೆ ಕಂಡಿದ್ದು ನಿಜ.

ಸೆನ್ಸರ್ ಮಾಡೋದೂ ಅದನ್ನೇ, ಹೋಗಿ ಕುಡಿದು ನೋಡುತ್ತೆ. ಆದ್ರೆ ತೀರಿದ್ದು ಸೆನ್ಸರಿನ ಬಾಯಾರಿಕೆ, ನಿಮ್ಮದಲ್ಲ. ಅದು ಗೋಡೆ ಮೇಲೆ ಕದಲದೆ ಕೂತಿದೆ. ನೀವು ಫೋನ್ ಹಿಡಿದು ಕಾರಿಡಾರಿನಲ್ಲಿ ನಡೀತಿದ್ದೀರಿ. ಹಳೇ ಆಕ್ಸೆಸ್ ಪಾಯಿಂಟ್ ಬಿಟ್ಟು ಹೊಸದಕ್ಕೆ ಯಾವಾಗ ಹಾರಬೇಕು ಅಂತ ಕೊನೆಗೂ ನಿರ್ಧರಿಸೋದು ನಿಮ್ಮ ಫೋನು, ಕೆಲವು ಫೋನುಗಳು ಹಳೇ ನಂಟನ್ನು ಸುಲಭಕ್ಕೆ ಬಿಡಲ್ಲ. ನಿಮ್ಮ ಮೈಯಲ್ಲಿರೋ ನೀರೇ ಆ ಅಲೆಗಳನ್ನು ಹೀರಿಕೊಳ್ಳುತ್ತೆ, ತುಂಬಿದ ಮೀಟಿಂಗ್ ರೂಮಿನಲ್ಲಿ ಇನ್ನೂ ಜಾಸ್ತಿ.

ನನಗೆ ಭಯ ಇರೋದು ಇಲ್ಲೇ. ಮೊದಲು "ನಮ್ ಕಡೆಯಿಂದ ಸರಿ ಇದೆ" ಅಂತಿದ್ದವರು ಈಗ "ಸೆನ್ಸರ್ ಕೂಡ ಸರಿ ಇದೆ ಅಂತಿದೆ" ಅಂತಾರೆ. ನಮ್ಮ ಪರವಾಗಿ ಕರೆಸಿದ ಸಾಕ್ಷಿ ನಮ್ಮ ಬಾಯಿ ಮುಚ್ಚಿಸೋಕೆ ನಿಂತುಬಿಡುತ್ತೆ. ಸೆನ್ಸರ್ ಕೆಂಪು ತೋರಿಸಿದ್ರೆ ತೊಂದರೆ ಇದೆ ಅನ್ನೋದು ಹೆಚ್ಚುಕಡಿಮೆ ಖಚಿತ. ಹಸಿರು ತೋರಿಸಿದ್ರೆ, ಆ ಗೋಡೆಯ ಆ ಜಾಗದಲ್ಲಿ, ಆ ನಿಮಿಷದಲ್ಲಿ ತೊಂದರೆ ಇರಲಿಲ್ಲ, ಅಷ್ಟೇ. ಈ ಎರಡಕ್ಕೂ ಒಂದೇ ತೂಕ ಕೊಡೋದು ಬರೀ ಲೆಕ್ಕದ ತಪ್ಪಲ್ಲ, ಅನ್ಯಾಯ. ಯಾಕಂದ್ರೆ ನಂಬದೇ ಹೋದ್ರೆ ನಷ್ಟ ಡ್ಯಾಶ್‌ಬೋರ್ಡಿಗಲ್ಲ, ಗ್ರಾಹಕರ ಕಾಲ್ ಮೂರು ಸಲ ಕಟ್ಟಾಗಿ "ನಿಂದೇ ಏನೋ ಪ್ರಾಬ್ಲಂ" ಅಂತ ಮ್ಯಾನೇಜರ್ ಹತ್ರ ಅನ್ನಿಸಿಕೊಳ್ಳೋ ಹುಡುಗಿಗೆ. ನ್ಯಾಯದರ್ಶನದಲ್ಲಿ ನಂಬಲರ್ಹರ ಮಾತೂ ಒಂದು ಪ್ರಮಾಣ, ಶಬ್ದ ಅಂತ ಅದರ ಹೆಸರು. ಅವಳ ಟಿಕೆಟ್ಟನ್ನು ಆ ಸಾಲಿಗೆ ಸೇರಿಸಬೇಕು. ಸೆನ್ಸರ್ ಹಸಿರಿದ್ರೂ ಟಿಕೆಟ್ ಮುಚ್ಚದೆ, ಅವಳು ಕೂತ ಜಾಗಕ್ಕೆ ಹೋಗಿ ನೋಡಬೇಕು.

ಇನ್ನೊಂದು ಮಾತು. ಇವು ಪುಕ್ಕಟೆ ಬರಲ್ಲ, ಹಾಗಾಗಿ ಎಲ್ಲಾ ಮೂಲೆಗೂ ಇಡೋಕಾಗಲ್ಲ, ಆರಿಸಬೇಕು. ಆರಿಸೋಕೆ ಬಿಟ್ರೆ ಮೊದಲು ಬೋರ್ಡ್‌ರೂಮು, ಆಮೇಲೆ ದೊಡ್ಡವರ ಕ್ಯಾಬಿನ್ನು. ನನ್ನ ವಾದ ಉಲ್ಟಾ. ಬೋರ್ಡ್‌ರೂಮಿನಲ್ಲಿ ನೆಟ್ ಹೋದ್ರೆ ಎರಡು ನಿಮಿಷದಲ್ಲಿ ಕಟ್ಟಡಕ್ಕೆಲ್ಲ ಗೊತ್ತಾಗುತ್ತೆ, ಅದಕ್ಕೆ ಯಂತ್ರ ಬೇಕಿಲ್ಲ. ಬೇಸ್‌ಮೆಂಟಿನ ಗೇಟಿನಲ್ಲಿ ಟ್ಯಾಬ್ ಹಿಡಿದು ವಿಸಿಟರ್ ಎಂಟ್ರಿ ಮಾಡೋ ಸೆಕ್ಯೂರಿಟಿಯವರನ್ನು ನೋಡಿ. ಆ ಸ್ಕ್ರೀನಿನಲ್ಲಿ ಚಕ್ರ ಸುತ್ತುತ್ತಾ ನಿಂತಾಗ ಸರದಿಯಲ್ಲಿರೋರೆಲ್ಲ ಬೈಯೋದು ಅವರನ್ನೇ, ಮತ್ತೆ ಅವರಿಗೆ ಟಿಕೆಟ್ ಹಾಕೋಕೆ ಲಾಗಿನ್ನೂ ಇರಲ್ಲ. ಮೊದಲ ಸೆನ್ಸರ್ ಅಲ್ಲಿಗೆ ಹೋಗಲಿ.