ಕಾಯಿಲೆ ಬಿದ್ದ ಮಂಗವೂ ನಮ್ಮ ದಯೆಯೂ



ಆಫೀಸಿನ ಕೌಂಟರಿಗೆ ಸೇವಾ ರಸೀದಿ ಮಾಡಿಸಲು ಬರುವವರು ಕೆಲವೊಮ್ಮೆ ಮನಸ್ಸಿನಲ್ಲಿರುವುದನ್ನೂ ಕೇಳಿಬಿಡುತ್ತಾರೆ. ಮಲೆನಾಡಿನ ಕಡೆಯಿಂದ ಬರುವವರು ಕೇಳುವ ಒಂದು ಮಾತು ಹೀಗಿರುತ್ತದೆ: "ಸ್ವಾಮೀ, ನಮ್ಮ ಕೇರಿಯಲ್ಲಿ ಒಂದು ಮಂಗ ಕಾಯಿಲೆ ಬಿದ್ದು ಕೂತಿತ್ತು. ಮುಟ್ಟಬೇಡಿ ಅಂತ ಆಸ್ಪತ್ರೆಯವರು ಹೇಳಿದ್ದರು. ಮುಟ್ಟಲಿಲ್ಲ. ಅಲ್ಲೇ ಸತ್ತುಹೋಯಿತು. ಹನುಮಪ್ಪನ ಸ್ವರೂಪ, ನಮಗೆ ದೋಷ ಬರುತ್ತದೋ ಏನೋ?" ದೋಷ ಪರಿಹಾರ ಹೇಳುವುದು ಅರ್ಚಕರ ಕೆಲಸ, ಗುಮಾಸ್ತನದಲ್ಲ. ಆದರೆ ಮುಟ್ಟದೆ ದೂರ ನಿಂತವರನ್ನು ದಯೆ ಇಲ್ಲದವರು ಅನ್ನಬಹುದೇ ಎಂಬ ಪ್ರಶ್ನೆ ನನ್ನನ್ನೂ ಬಹಳ ದಿನದಿಂದ ಕಾಡಿದೆ. ಅದರ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ.

ಮೊದಲು ಕಾಯಿಲೆಯ ವಿಷಯ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳುತ್ತಿದ್ದವು, ಸುತ್ತಲ ಹಳ್ಳಿಯ ಜನರಿಗೂ ಜ್ವರ ಬಂತು. ಆಗ ಪತ್ತೆಯಾದ ವೈರಸ್ಸಿನ ಜ್ವರವನ್ನೇ ನಾವು ಮಂಗನ ಕಾಯಿಲೆ ಅನ್ನುವುದು. ಪುಸ್ತಕದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಎಂದಿದೆ. ಮಂಗನ ಹೆಸರು ಸೇರಿಸಿದವರು ಯಾರೋ, ಆ ಮೂಕ ಪ್ರಾಣಿಗೆ ಅನ್ಯಾಯ ಮಾಡಿದರು ಅಂತ ನನಗೆ ಅನ್ನಿಸುತ್ತದೆ. ಕಾಯಿಲೆ ಹರಡುವುದು ಉಣುಗು, ಅಂದರೆ ಉಣ್ಣೆ. ಕಾಡಿನ ಇಲಿ ಹೆಗ್ಗಣದಂಥ ಸಣ್ಣ ಪ್ರಾಣಿಗಳಲ್ಲಿಯೂ ಈ ವೈರಸ್ಸು ಇರುತ್ತದೆ. ಕರಿಮೂತಿಯ ಮುಸುವ ಮತ್ತು ನಮ್ಮ ಕೆಂಪು ಮೋರೆಯ ಕೋತಿ ಎರಡೂ ನಮ್ಮ ಹಾಗೆಯೇ ಉಣುಗು ಕಚ್ಚಿಸಿಕೊಂಡು ಜ್ವರ ಬಂದು ಬೀಳುತ್ತವೆ. ನಮಗಿಂತ ಮೊದಲು ಬೀಳುತ್ತವೆ, ಅಷ್ಟೇ ವ್ಯತ್ಯಾಸ.

ಮಂಗ ಸತ್ತು ಮೈ ತಣ್ಣಗಾದ ಮೇಲೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ಹುಲ್ಲು, ದರಗಿನಲ್ಲಿ ಸೇರಿಕೊಳ್ಳುತ್ತವೆ. ಮರಿ ಉಣುಗು ಎಳ್ಳಿಗಿಂತಲೂ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ಆರೋಗ್ಯ ಇಲಾಖೆಯವರು ಮಂಗ ಸತ್ತ ಜಾಗದ ಸುತ್ತ 50 ಅಡಿ ಔಷಧಿ ಹೊಡೆಯುವುದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಆದರೆ ಬಂದವರಿಗೆ ಇದಕ್ಕೇ ಅಂತ ಬೇರೆ ಔಷಧಿಯೂ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ. ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಸಾಗರ ತಾಲ್ಲೂಕಿನ ಅರಳಗೋಡು ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, 2019ರಲ್ಲಿ ಅಲ್ಲಿ ಎಷ್ಟೋ ಮನೆಗಳಲ್ಲಿ ಸಾವಾಯಿತು.

ಈಗ ದಯೆಯ ವಿಷಯಕ್ಕೆ ಬರೋಣ. ಮಂಗ ಸತ್ತರೆ ಬಟ್ಟೆ ಹೊದಿಸಿ, ಕುಂಕುಮ ಹಚ್ಚಿ, ಭಜನೆ ಮಾಡುತ್ತಾ ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುವುದು ನಮ್ಮ ಕಡೆ ಇದ್ದೇ ಇದೆ. ನಾನು ಅದನ್ನು ಹಾಸ್ಯ ಮಾಡುವವನಲ್ಲ. ರೆಕ್ಕೆ ಕತ್ತರಿಸಿಕೊಂಡು ಬಿದ್ದಿದ್ದ ಜಟಾಯುವಿಗೆ ಶ್ರೀರಾಮಚಂದ್ರನೇ ಮಗನ ಸ್ಥಾನದಲ್ಲಿ ನಿಂತು ಸಂಸ್ಕಾರ ಮಾಡಿದನಲ್ಲ. ಒಂದು ಕಾಡುಪ್ರಾಣಿಯ ಸಾವಿಗೆ ಕೇರಿಯೇ ಸೇರಿ ಕಣ್ಣೀರು ಹಾಕುವುದು ದೊಡ್ಡ ಗುಣವೇ ಸರಿ.

ಆದರೆ ಲೆಕ್ಕ ಬರೆಯುವವನ ಚಾಳಿ ನೋಡಿ, ಖರ್ಚು ಯಾರ ಬಾಬತ್ತಿಗೆ ಬೀಳುತ್ತದೆ ಅಂತ ನೋಡದೆ ಇರಲಾಗುವುದಿಲ್ಲ. ಮಂಗಕ್ಕೆ ಪೂಜೆ ಮಾಡಿದ ಯಜಮಾನರು ಸ್ನಾನ ಮಾಡಿ, ಪಂಚೆ ಬದಲಿಸಿ ಮನೆಯೊಳಗೆ ಹೋಗುತ್ತಾರೆ. ಮಾರನೆಯ ದಿನ ಅದೇ ಜಾಗದಲ್ಲಿ ಕೊಟ್ಟಿಗೆಗೆ ದರಗು ಗುಡಿಸಲು ಬರುವ ಹೆಂಗಸು ಬರಿಗಾಲಲ್ಲಿರುತ್ತಾಳೆ. ಅವಳ ಮಗು ಪಕ್ಕದಲ್ಲೇ ಹುಲ್ಲಿನ ಮೇಲೆ ಆಡುತ್ತಿರುತ್ತದೆ. ಪುಣ್ಯ ಒಬ್ಬರಿಗೆ ಜಮಾ ಆಗಿ ಜ್ವರ ಇನ್ನೊಬ್ಬರಿಗೆ ಖರ್ಚು ಬಿದ್ದರೆ ಆ ಪುಸ್ತಕ ಸರಿ ಅಂತ ನಾನು ಸಹಿ ಹಾಕಲಾರೆ. ಬದುಕಿರುವ ಮಂಗದ ಬಾಯಿಗೆ ತೀರ್ಥ ಬಿಡುವುದೂ ಇಂಥದ್ದೇ. ನಿತ್ರಾಣವಾದ ಪ್ರಾಣಿ ನುಂಗಲಾರದೆ ನೀರು ಶ್ವಾಸಕೋಶಕ್ಕೆ ಹೋದರೆ ಇನ್ನೂ ಬೇಗ ಸಾಯುತ್ತದೆ. ಬಿಟ್ಟವರಿಗೆ ಸಮಾಧಾನ, ಮಂಗಕ್ಕೆ ಸಂಕಟ. ಮೇಲಾಗಿ ಅದು ಸಾಕಿದ ಹಸುವಲ್ಲ. ಮನುಷ್ಯನ ಕೈ ಹತ್ತಿರ ಬಂದರೆ ಅದಕ್ಕೆ ಹೆದರಿಕೆಯೇ ಹೊರತು ಪ್ರೀತಿ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ಕಡೆಯವರ ಮಾತೂ ಇದೆ. "ಹೇಗೂ ಸಾಯುವುದು, ಹೊಡೆದು ಹಾಕಿ, ಮಕ್ಕಳುಮರಿ ಇರುವ ಜಾಗ" ಅನ್ನುತ್ತಾರೆ. ಇವರೂ ಕೆಟ್ಟವರೇನಲ್ಲ, ಭಯ ಮಾತಾಡಿಸುತ್ತದೆ. ಇಲ್ಲಿ ಗಾಂಧೀಜಿಯವರ ಒಂದು ಪ್ರಸಂಗ ನೆನಪಿಗೆ ಬರುತ್ತದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಗುಣವಾಗದ ಕಾಯಿಲೆಯಿಂದ ನರಳುತ್ತಿತ್ತು. ಗಾಂಧೀಜಿ ವೈದ್ಯರನ್ನು ಕರೆಸಿ, ಇಂಜಕ್ಷನ್ ಕೊಡಿಸಿ ಅದರ ಪ್ರಾಣ ಹೋಗುವಂತೆ ಮಾಡಿಸಿದರು. ಅಹಿಂಸೆ ಹೇಳುವವರೇ ಕರು ಕೊಂದರು ಎಂದು ದೇಶದಲ್ಲಿ ದೊಡ್ಡ ಗದ್ದಲವಾಯಿತು. ಅವರು ಹಿಂಜರಿಯಲಿಲ್ಲ, ಕರುವಿನ ನೋವು ತಪ್ಪಿಸಲಿಕ್ಕೆ ಮಾಡಿದ್ದರಿಂದ ಅದು ಹಿಂಸೆಯಲ್ಲ ಎಂದು ಬರೆದರು. ಇನ್ನೂ ಗಮನಿಸಬೇಕಾದ್ದೆಂದರೆ, ಅದೇ ಬರಹದಲ್ಲಿ ಆಶ್ರಮದ ಬೆಳೆ ಹಾಳು ಮಾಡುವ ಮಂಗಗಳ ವಿಷಯವನ್ನೂ ಎತ್ತಿಕೊಂಡರು. ಅವನ್ನು ಕೊಂದರೆ ಅದು ನಮ್ಮ ಲಾಭಕ್ಕಾಗಿ ಕೊಂದದ್ದು, ಅದು ಹಿಂಸೆಯೇ ಎಂದು ಒಪ್ಪಿಕೊಂಡರು. ಒಂದೇ ಕೆಲಸ, ಯಾರ ಸಲುವಾಗಿ ಎಂಬುದರ ಮೇಲೆ ಬೇರೆಯಾಯಿತು.

ಕೇರಿಯಲ್ಲಿ ದೊಣ್ಣೆ ಹಿಡಿದವನು ಮಂಗದ ನೋವು ನೋಡಲಾರದೆ ಹಿಡಿದನೋ, ತನ್ನ ಭಯಕ್ಕೆ ಹಿಡಿದನೋ? ಅವನಿಗೇ ಹೇಳಲು ಕಷ್ಟ. ಅದರ ಮೇಲೆ ಅದು ಗುಣವಾಗದ ಕಾಯಿಲೆ ಅಂತ ಅವನಿಗೆ ಹೇಳಿದವರು ಯಾರು? ಕರೆಂಟು ಹೊಡೆದಿರಬಹುದು, ಬಸ್ಸಿಗೆ ಸಿಕ್ಕಿರಬಹುದು, ಬೆಟ್ಟದ ದಾರಿಯಲ್ಲಿ ತಾವು ಎಸೆದ ಪ್ಲಾಸ್ಟಿಕ್ ಕವರು ತಿಂದಿರಬಹುದು (ಬೇಜಾರು ಮಾಡಿಕೊಳ್ಳಬಾರದು, ದಿನಾ ಗುಡಿಸುವುದು ನಮ್ಮವರೇ). ಬಹುಶಃ ಇದಕ್ಕೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಅಧಿಕಾರವನ್ನು ಜನರ ಕೈಗೆ ಕೊಟ್ಟಿಲ್ಲ. ಉಳಿಯಲಾರದಷ್ಟು ಕಾಯಿಲೆಯಾದ ಪ್ರಾಣಿಗೆ ಸಾವು ಕೊಡಲು ಅದರಲ್ಲಿ ದಾರಿ ಇದೆ, ಆದರೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಕಾಗದಪತ್ರದಲ್ಲೇ ತಲೆ ಹಣ್ಣಾದ ನನಗೂ ಎಷ್ಟೋ ಕಾಗದ ಬೇಡ ಅನ್ನಿಸುತ್ತದೆ. ಇದೊಂದು ಬೇಕು ಅನ್ನಿಸುತ್ತದೆ.

ಹಾಗಾದರೆ ಮುಟ್ಟುವಂತಿಲ್ಲ, ಕೊಲ್ಲುವಂತಿಲ್ಲ, ಕೈಕಟ್ಟಿ ನಿಲ್ಲುವುದೇ ಅಂತ ಕೇಳುತ್ತೀರಿ. ಕೈಕಟ್ಟಿ ನಿಂತವರಿಗೂ ಕೆಲಸ ಬೇಕಾದಷ್ಟಿದೆ. ಕಾಯಿಲೆ ಬಿದ್ದ ಪ್ರಾಣಿಗೆ ಕಾಯಿಲೆಗಿಂತ ದೊಡ್ಡ ಹಿಂಸೆ ಸುತ್ತ ನೆರೆದ ಜನರದು. ಹುಡುಗರು ಕಲ್ಲು ಎಸೆಯುತ್ತಾರೆ, ನಾಯಿ ಬೊಗಳುತ್ತವೆ, ಒಬ್ಬರಾದ ಮೇಲೆ ಒಬ್ಬರು ಮೊಬೈಲು ಹಿಡಿದು ಹತ್ತಿರ ಹೋಗುತ್ತಾರೆ. ಜನರನ್ನು ದೂರ ಕಳಿಸಿ, ನಾಯಿ ಕಟ್ಟಿಹಾಕಿಸಿ, ಬೇಕಾದರೆ ದೂರದಲ್ಲಿ ಒಂದು ಅಗಲ ಬಟ್ಟಲಲ್ಲಿ ನೀರಿಟ್ಟು ಹಿಂದೆ ಸರಿಯುವುದು. ಅರಣ್ಯ ಇಲಾಖೆಯವರಿಗೆ ಫೋನು ಮಾಡುವುದು. ಸತ್ತಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸುವುದು. ಅವರು ಬರುವ ತನಕ ಬಿಸಿಲಲ್ಲಿ ಎರಡು ತಾಸೋ ಮೂರು ತಾಸೋ ಕಾವಲು ನಿಲ್ಲುವುದು. ಹೂವು ಕುಂಕುಮ ಹಾಕಿ ಬರುವುದಕ್ಕಿಂತ ಇದು ಕಷ್ಟ, ಯಾರೂ ಫೋಟೋ ತೆಗೆಯುವುದಿಲ್ಲ. ಸಂಸ್ಕಾರ ಬೇಕೇ ಬೇಕು ಅನ್ನುವವರು ಇಲಾಖೆಯವರು ಸುಡುವಾಗ ದೂರ ನಿಂತು ರಾಮನಾಮ ಹೇಳಲಿ, ಯಾರೂ ಬೇಡ ಅನ್ನುವುದಿಲ್ಲ.

ಮಂಗ ಕಚ್ಚಿದರೆ ಅಥವಾ ಪರಚಿದರೆ ಅರಿಶಿನ ಹಚ್ಚಿ ಸುಮ್ಮನಿರಬಾರದು. ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು, ರೇಬೀಸ್ ಸೂಜಿ ಬೇಕಾಗಬಹುದು. ಡಿಸೆಂಬರಿನಿಂದ ಮೇ ತನಕ ಮಲೆನಾಡಿನ ಕಾಡುದಾರಿಯಲ್ಲಿ ನಡೆದು ಕ್ಷೇತ್ರಗಳಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿಕೊಳ್ಳಿ. ಮನೆ ಮುಟ್ಟಿದ ಮೇಲೆ ಆ ಬಟ್ಟೆ ಬಿಸಿನೀರಿಗೆ ಹಾಕಿ ಮೈ ತಿಕ್ಕಿ ಸ್ನಾನ ಮಾಡಿ. ಒಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ "ಕಾಡುದಾರಿಯಲ್ಲಿ ಯಾತ್ರೆಗೆ ಹೋಗಿದ್ದೆ" ಅಂತ ಮೊದಲೇ ಹೇಳಿ.